ಬೀಗದ ಕೈ ಯಾರ ಹತ್ತಿರ?

ನಮ್ಮ ಸ್ಟುಟ್‌ಗಾರ್ಟ್ ಕಡೆಯ ಕನ್ನಡದ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ವರ್ಷಕ್ಕೆ ಎರಡು ಸಲ ತಪ್ಪದೆ ಏಳುತ್ತದೆ. ನವೆಂಬರ್ ಕೊನೆಯ ರಿಯಾಯಿತಿ ಮಾರಾಟದ ಹೊತ್ತಿಗೆ ಒಮ್ಮೆ, ಬೇಸಿಗೆ ರಜೆಗೆ ಊರಿಗೆ ಹೊರಡುವ ಮುಂಚೆ ಸೂಟ್‌ಕೇಸ್ ತೂಕ ಹಾಕುವಾಗ ಇನ್ನೊಮ್ಮೆ. "ಅಪ್ಪ ಅಮ್ಮನಿಗೆ ಏನಾದ್ರೂ ತಗೊಂಡು ಹೋಗ್ಬೇಕು, ಇ-ರೀಡರ್ ಒಳ್ಳೇದಾ, ಟ್ಯಾಬ್ ಒಳ್ಳೇದಾ? ಇಲ್ಲ ಕಡಿಮೆ ದುಡ್ಡಿನ ಲ್ಯಾಪ್‌ಟಾಪೇ ಸಾಕಾ?" ಆಮೇಲೆ ಉತ್ತರಗಳ ಸುರಿಮಳೆ. ಬ್ಯಾಟರಿ, ರ‍್ಯಾಮ್, ತೂಕ, ಕಣ್ಣಿಗೆ ತಂಪು, ಕಸ್ಟಮ್ಸ್‌ನವರು ಕೇಳ್ತಾರಾ ಇಲ್ವಾ, ಎಲ್ಲ ಚರ್ಚೆಯಾಗುತ್ತೆ. ನಾನೂ ಬಹಳ ವರ್ಷ ಉದ್ದುದ್ದ ಉತ್ತರ ಬರೆಯುತ್ತಿದ್ದೆ. ಈಗ ಬರೆಯುವುದನ್ನು ಬಿಟ್ಟಿದ್ದೀನಿ. ಯಾಕೆ ಅಂತ ಹೇಳಬೇಕಾದರೆ ನಾನು ಮಾಡಿದ ಒಂದು ಕೆಲಸವನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ನಮ್ಮಪ್ಪ ಶಿವಮೊಗ್ಗದಲ್ಲಿದ್ದಾರೆ. ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ, 34 ವರ್ಷ ಕೆಲಸ ಮಾಡಿ, 2006ರಲ್ಲಿ ನಿವೃತ್ತರಾದವರು. 2019ರ ಡಿಸೆಂಬರಿನಲ್ಲಿ ಅವರಿಗೆ ಒಂದು ಇ-ರೀಡರ್ ತಗೊಂಡು ಹೋದೆ. ಆ ಯೋಚನೆ ನನಗೆ ಬಂದಿದ್ದು ಇಲ್ಲಿನ ಎಸ್-ಬಾನ್ ರೈಲಿನಲ್ಲಿ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಎದುರು ಸೀಟಿನಲ್ಲಿ ಅಪ್ಪನ ವಯಸ್ಸಿನವರೊಬ್ಬರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಇ-ರೀಡರ್ ಹಿಡಿದು, ಜಗತ್ತಿನ ಗೊಡವೆ ಇಲ್ಲದೆ ಓದುತ್ತಿದ್ದರು. ನಮ್ಮಪ್ಪನೂ ಹೀಗೆ ಕೂತಿರಬೇಕು ಅನ್ನಿಸಿಬಿಡ್ತು. ಅಪ್ಪ ಓದುವವರೇ. ಆದರೆ ಅವರು ಓದುತ್ತಿದ್ದದ್ದು ದಿನಪತ್ರಿಕೆ, ವಾರಪತ್ರಿಕೆ, ಯಾರಾದರೂ ಕೊಟ್ಟ ಕಾದಂಬರಿ. ಅವರಿಗೆ ಇ-ರೀಡರ್ ಬೇಕಾ ಅಂತ ನಾನು ಕೇಳಲಿಲ್ಲ. ಉಡುಗೊರೆ ಅಲ್ವಾ, ಕೇಳಿ ಕೊಟ್ಟರೆ ಏನು ಚೆಂದ?

ಇಲ್ಲಿ ಸ್ವಲ್ಪ ಯಂತ್ರದ ವಿಷಯ ಹೇಳಿಬಿಡ್ತೀನಿ, ಇನ್ಯಾರಾದರೂ ನನ್ನ ಹಾಗೆ ಮಾಡುವುದು ತಪ್ಪಲಿ. ಇ-ಇಂಕ್ ಪರದೆಯೊಳಗೆ ಕೂದಲೆಳೆ ಅಗಲದಷ್ಟು ಚಿಕ್ಕ ಗುಳಿಗೆಗಳಿರುತ್ತವೆ. ಅವುಗಳಲ್ಲಿ ಕಪ್ಪು ಕಣ, ಬಿಳಿ ಕಣ. ವಿದ್ಯುತ್ ಹಾಯಿಸಿದಾಗ ಒಂದು ಮೇಲೆ ಬರುತ್ತೆ, ಇನ್ನೊಂದು ಕೆಳಗೆ ಹೋಗುತ್ತೆ. ಪುಟ ತಿರುಗುವಾಗ ಮಾತ್ರ ಕರೆಂಟ್ ಖರ್ಚು, ಅದಕ್ಕೇ ಒಂದು ಚಾರ್ಜಿಗೆ ವಾರಗಟ್ಟಲೆ ಬಾಳಿಕೆ. ಕಾಗದದ ಹಾಗೆ ಹೊರಗಿನ ಬೆಳಕನ್ನೇ ತಿರುಗಿಸಿ ಕಳಿಸುವುದರಿಂದ ಅಂಗಳದ ಬಿಸಿಲಲ್ಲೂ ಓದಬಹುದು. ಇಷ್ಟೆಲ್ಲ ನಿಜ. ಆದರೆ ಕನ್ನಡದ ಓದುಗರಿಗೆ ಪುಸ್ತಕ ಎಲ್ಲಿಂದ ಬರಬೇಕು? 2007ರಲ್ಲಿ ಮೊದಲ ಕಿಂಡಲ್ ಬಂತು. 2016ರ ಡಿಸೆಂಬರಿನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಇ-ಪುಸ್ತಕ ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾಷೆಗಳಿದ್ದವು. ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕ ಬೆಳೆದದ್ದು ಹೆಚ್ಚಾಗಿ ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ, ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್ ಇಂಥ ಕಡೆ. ಮಾಮೂಲಿ ಇ-ರೀಡರಿನಲ್ಲಿ ಈ ಆ್ಯಪ್‌ಗಳು ನಡೆಯುವುದಿಲ್ಲ. ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನಗಳೂ ಇವೆ, ಆದರೆ ಅವುಗಳ ಬೆಲೆಗೆ ಸುಮಾರಾದ ಟ್ಯಾಬ್ ಬಂದುಬಿಡುತ್ತೆ.

ಹಳೇ ಕನ್ನಡ ಪುಸ್ತಕಗಳ ಕಥೆ ಇನ್ನೊಂದು ಥರ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕಾಲದಿಂದ ಸ್ಕ್ಯಾನ್ ಆದ ಸಾವಿರಾರು ಪುಸ್ತಕ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ನಮ್ಮಂಥ ಹೊರದೇಶದವರಿಗೆ ಅದೊಂದು ನಿಧಿ. ಆದರೆ ಅವು ಪುಟದ ಫೋಟೋಗಳು. ಅಕ್ಷರ ದೊಡ್ಡದು ಮಾಡಿದರೆ ಸಾಲು ಮುರಿದು ಕೆಳಗೆ ಬರಲ್ಲ, ಪುಟವೇ ಪರದೆಯ ಆಚೆ ಹೋಗುತ್ತೆ. ನಮ್ಮ ಪ್ರಕಾಶಕರು ಡೆಮಿ 1/8 ಅಂತ ಬರೆಯುತ್ತಾರಲ್ಲ, ಆ ಪುಟ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಆರು ಇಂಚಿನ ಇ-ರೀಡರ್ ಅಂದರೆ ಮೂಲೆಯಿಂದ ಮೂಲೆಗೆ ಆರು; ಅಗಲ ಮೂರೂವರೆ ಚಿಲ್ಲರೆ ಮಾತ್ರ. ಹತ್ತು ಇಂಚಿನ ಟ್ಯಾಬ್ ಹೆಚ್ಚುಕಡಿಮೆ ಡೆಮಿ ಪುಟದ ಅಳತೆಯೇ. ಯಾರಾದರೂ ಹಳೇ ಕನ್ನಡ ಪುಸ್ತಕ ಓದೋಕೆ ಏನು ತಗೊಳ್ಳಲಿ ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ: ಕೈಯಲ್ಲಿ ಅಳತೆಪಟ್ಟಿ ಹಿಡಿದು ನೋಡಿ.

ನಾನು ಈ ಲೆಕ್ಕ ಹಾಕಿರಲಿಲ್ಲ. ಅಪ್ಪನಿಗಾಗಿ ಮೂವತ್ತು ಪುಸ್ತಕ ತುಂಬಿಸಿಕೊಂಡು ಹೋಗಿದ್ದೆ. ಸ್ಕ್ಯಾನ್ ಆದವು ಇರುವೆ ಸಾಲಿನ ಹಾಗೆ ಕಂಡವು. ಅಕ್ಷರರೂಪದಲ್ಲಿದ್ದ ಒಂದೆರಡರಲ್ಲಿ ಒತ್ತಕ್ಷರಗಳು ಕೆಳಗೆ ಕೂರುವ ಬದಲು ಪಕ್ಕದಲ್ಲಿ ಬಂದು ನಿಂತಿದ್ದವು. ಅಪ್ಪ ನಾಲ್ಕು ದಿನ ಅದನ್ನು ಹಿಡಿದುಕೊಂಡು ಕೂತರು, ನಾನು ನೋಡುತ್ತಿದ್ದಾಗ. "ಚೆನ್ನಾಗಿದೆ ಕಣೋ, ಹಗುರವಾಗಿದೆ" ಅಂದರು. ಮುಂದಿನ ಸಲ ಹೋದಾಗ ಅದು ಬೀರುವಿನಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಕೆಳಗೆ, ಅದರ ಡಬ್ಬಿಯೊಳಗೇ ಇತ್ತು.

2022ರಲ್ಲಿ ಟ್ಯಾಬ್ ಕೊಡಿಸಿದೆ. ಅದನ್ನು ಅಪ್ಪ ಬಿಡಲೇ ಇಲ್ಲ. ಓದಲಿಕ್ಕಲ್ಲ. ತಾಳಮದ್ದಳೆ. ಯೂಟ್ಯೂಬಿನಲ್ಲಿ ನಾಲ್ಕು ಗಂಟೆ, ಐದು ಗಂಟೆಯ ಪ್ರಸಂಗಗಳು ಪೂರ್ತಿ ಇರುತ್ತವಲ್ಲ, ಅವು. ರಾತ್ರಿ ಊಟ ಮುಗಿಸಿ ಶುರು ಮಾಡಿದರೆ ಹನ್ನೆರಡು, ಒಂದು. ಅಮ್ಮ ಫೋನಿನಲ್ಲಿ ದೂರು ಹೇಳಿದರು. "ನಿಮ್ಮಪ್ಪನಿಗೆ ನಿದ್ದೆ ಇಲ್ಲ, ಬೆಳಿಗ್ಗೆ ಬಿಪಿ ಮಾತ್ರೆ ಮರೀತಾರೆ. ನೀನೇ ತಂದುಕೊಟ್ಟಿದ್ದು, ನೀನೇ ಏನಾದ್ರೂ ಮಾಡು."

ಮಾಡಿದೆ. ಟ್ಯಾಬ್ ಅನ್ನು ನಾನೇ ಹೊಂದಿಸಿಕೊಟ್ಟಿದ್ದರಿಂದ ಅದರ ಖಾತೆ, ಪಾಸ್‌ವರ್ಡ್ ಎಲ್ಲ ನನ್ನ ಹತ್ತಿರವೇ ಇತ್ತು. ಆ ಬೇಸಿಗೆಯಲ್ಲಿ ಊರಿಗೆ ಹೋದಾಗ, ಅಪ್ಪ ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಸಮಯ ಮಿತಿ ಹಾಕುವ ಆ್ಯಪ್ ಒಂದನ್ನು ಅದರೊಳಗೆ ಕೂರಿಸಿದೆ. ಮಕ್ಕಳಿಗೆ ಹಾಕುವಂಥದ್ದು. ರಾತ್ರಿ ಹತ್ತಕ್ಕೆ ಪರದೆ ಬಂದ್. ಕೆಲಸ ಐದು ನಿಮಿಷದ್ದು. ಅಪ್ಪನಿಗೆ ಹೇಳಲಿಲ್ಲ.

ವಾಪಸ್ ಬಂದು ಒಂದು ವಾರಕ್ಕೆ ಅವರ ಫೋನ್. "ಹತ್ತು ಗಂಟೆ ಆದ್ಮೇಲೆ ಇದು ನಿಂತು ಹೋಗುತ್ತಲ್ಲೋ, ಏನೋ ಕೆಟ್ಟಿದೆ ಅಂತ ಕಾಣುತ್ತೆ." ನಾನು "ಹೌದಾ, ನೋಡ್ತೀನಿ ಅಪ್ಪ" ಅಂದೆ. ಅಷ್ಟೇ ಅಂದಿದ್ದು. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ನಾನು ಸಮಸ್ಯೆ ಬಗೆಹರಿಯಿತು ಅಂದುಕೊಂಡೆ.

ತಿಂಗಳುಗಳ ನಂತರ ವಿಡಿಯೋ ಕಾಲ್‌ನಲ್ಲಿ ಅಮ್ಮ ಹೇಳಿಬಿಟ್ಟರು. ಅಪ್ಪ ಅದನ್ನು ಚೀಲದಲ್ಲಿ ಹಾಕಿಕೊಂಡು, ಆಟೋ ಮಾಡಿಕೊಂಡು, ಪೇಟೆಯ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿದ್ದರಂತೆ. ಅಂಗಡಿಯ ಹುಡುಗ ನೋಡಿ, "ಸಾರ್, ಇದು ಕೆಟ್ಟಿಲ್ಲ. ಯಾರೋ ಲಾಕ್ ಮಾಡಿದ್ದಾರೆ. ಚಿಕ್ಕ ಮಕ್ಕಳಿರೋ ಮನೇಲಿ ಹಾಕ್ತಾರಲ್ಲ, ಅದು" ಅಂದನಂತೆ. ತೆಗೆದುಕೊಡಲಾ ಅಂತಲೂ ಕೇಳಿದನಂತೆ. ಅಪ್ಪ ಬೇಡ ಅಂದು, ಮನೆಗೆ ಬಂದು, ಟ್ಯಾಬ್ ಅನ್ನು ಟಿವಿ ಸ್ಟ್ಯಾಂಡ್ ಮೇಲಿಟ್ಟು, ಅಂದಿನಿಂದ ಒಂಬತ್ತೂವರೆಗೇ ಮಲಗುತ್ತಿದ್ದರಂತೆ.

ನನ್ನ ಮಗಳು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. ಹನ್ನೆರಡು ವರ್ಷ. ಮೊದಲು ನಕ್ಕಳು, "ಅಜ್ಜನಿಗೂ ಲಾಕಾ?" ಅಂತ. ಆಮೇಲೆ ನಗು ನಿಲ್ಲಿಸಿ ಕೇಳಿದಳು: "ಅಜ್ಜನ ಫ್ರಿಜ್ ಮೇಲೂ ಚೀಟಿ ಅಂಟಿಸಿದ್ಯಾ ಅಪ್ಪಾ?"

ಚೀಟಿಯ ಸಂಗತಿ ಏನೆಂದರೆ, ನಮ್ಮ ಮನೆಯಲ್ಲಿ ಅವಳ ಮೇಲೂ ಮಿತಿ ಇದೆ. ಅವಳು ಟ್ಯಾಬ್ ಕೇಳಿದಾಗ ನಾವು ಇ-ರೀಡರ್ ಕೊಡಿಸಿದ್ದು, ಅದರಲ್ಲಿ ಓದುವುದು ಬಿಟ್ಟು ಬೇರೇನೂ ಆಗುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ. ಜರ್ಮನಿಯಲ್ಲಿ ಈ ಆಯ್ಕೆಯಲ್ಲೂ ಒಂದು ತಿರುವಿದೆ. ಇಲ್ಲಿನ ಸಾರ್ವಜನಿಕ ಗ್ರಂಥಾಲಯಗಳು ಓನ್‌ಲೈಎ ಎಂಬ ವ್ಯವಸ್ಥೆಯಲ್ಲಿ ಇ-ಪುಸ್ತಕ ಎರವಲು ಕೊಡುತ್ತವೆ. ಕಿಂಡಲ್ ರೀಡರಿನಲ್ಲಿ ಅದು ನಡೆಯುವುದಿಲ್ಲ. 2013ರಲ್ಲಿ ಇಲ್ಲಿನ ಪುಸ್ತಕದಂಗಡಿಗಳು ಮತ್ತು ಡಾಯ್ಚೆ ಟೆಲಿಕಾಂ ಸೇರಿ ತಂದ ಟೊಲಿನೊದಲ್ಲಿ ನಡೆಯುತ್ತೆ. ಹಾಗಾಗಿ ಯಾವ ಯಂತ್ರ ಕೊಳ್ಳುತ್ತೀರಿ ಅನ್ನುವುದರ ಜೊತೆಗೇ ಊರಿನ ಲೈಬ್ರರಿ ಒಳಗೋ ಹೊರಗೋ ಅನ್ನುವುದೂ ನಿರ್ಧಾರವಾಗಿಬಿಡುತ್ತೆ. ನಾವು ಲೈಬ್ರರಿಯ ಕಡೆ ಹೋದೆವು. ಮನೆಯ ಹಳೇ ಲ್ಯಾಪ್‌ಟಾಪ್ ಮೇಲೆ ಅವಳಿಗೆ ದಿನಕ್ಕೆ ಇಷ್ಟು ಹೊತ್ತು ಅಂತ ಲೆಕ್ಕ. ಆ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇವೆ. ಅದರ ಕೆಳಗೆ ಅವಳ ತಕರಾರು, ನಮ್ಮ ಉತ್ತರ, ಶನಿವಾರಕ್ಕೆ ಅರ್ಧ ಗಂಟೆ ಹೆಚ್ಚು ಗೆದ್ದುಕೊಂಡದ್ದು, ಹದಿನಾಲ್ಕು ತುಂಬಿದ ಮೇಲೆ ಚೀಟಿ ರದ್ದು ಅನ್ನುವ ಷರತ್ತು. ಅವಳ ದೃಷ್ಟಿಯಲ್ಲಿ ಲಾಕ್ ಹಾಕುವುದು ಅಂದರೆ ಚೀಟಿ ಅಂಟಿಸುವುದು. ಚೀಟಿ ಇಲ್ಲದ ಲಾಕ್ ಎಂಥದ್ದು ಅಂತ ಅವಳಿಗೆ ಅರ್ಥವಾಗಲಿಲ್ಲ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಆಗ ಹೊಳೆದ ಕೆಲವು ವಿಚಾರಗಳನ್ನು ಇಲ್ಲಿ ಬರೆಯುತ್ತಿದ್ದೀನಿ.

ಏಕಾದಶಿಯ ದಿನ ನಮ್ಮಜ್ಜಿ ಉಪವಾಸ ಇರುತ್ತಿದ್ದರು. ಇಡೀ ದಿನ ಒಂದು ಲೋಟ ಹಾಲು, ಎರಡು ಬಾಳೆಹಣ್ಣು. ಅವತ್ತು ಅವರ ಮುಖದಲ್ಲಿ ಒಂಥರಾ ಗೆಲುವಿರುತ್ತಿತ್ತು. ಅದೇ ಅಜ್ಜಿಯ ಕೈಗೆ ಊಟ ಸಿಗದ ಹಾಗೆ ಯಾರಾದರೂ ಅಡುಗೆಮನೆಗೆ ಬೀಗ ಹಾಕಿದ್ದರೆ? ಹೊಟ್ಟೆಗೆ ಬೀಳದಿರುವ ಅನ್ನ ಎರಡು ಕಡೆಯೂ ಅಷ್ಟೇ. ಒಂದನ್ನು ವ್ರತ ಅಂತೀವಿ, ಇನ್ನೊಂದಕ್ಕೆ ಬೇರೆ ಹೆಸರಿದೆ. ನಾನು ನನಗೋಸ್ಕರ ಇ-ರೀಡರ್ ಕೊಂಡಾಗ ಅದು ವ್ರತ. ಫೋನಿನ ಗದ್ದಲ ಬೇಡ, ಇದರಲ್ಲಿ ಪುಸ್ತಕ ಮಾತ್ರ ಅಂತ ನನಗೆ ನಾನೇ ಕಟ್ಟಿಕೊಂಡ ಗಡಿ. ಅಂಗಡಿಯವರು ಮಾರುವುದೂ ಅದನ್ನೇ, ಇದರಲ್ಲಿ ಏನೇನು ಇಲ್ಲ ಅನ್ನುವುದನ್ನೇ. ಇಲ್ಲದಿರುವುದಕ್ಕೆ ದುಡ್ಡು ಕೊಡುವುದು ನನಗೇನೂ ಮೂರ್ಖತನ ಅನ್ನಿಸಲ್ಲ, ವ್ರತಕ್ಕೂ ಖರ್ಚಿರುತ್ತೆ. ಆದರೆ ಅದೇ ಇ-ರೀಡರನ್ನು ಇನ್ನೊಬ್ಬರ ಕೈಗೆ ಇಟ್ಟ ಗಳಿಗೆ ನಾನು ಅವರ ಪರವಾಗಿ ವ್ರತ ಹಿಡಿದಂತೆ ಆಗುತ್ತೆ. ಇನ್ನೊಬ್ಬರ ಪರವಾಗಿ ಉಪವಾಸ ಮಾಡೋದು ಹೇಗೆ?

ಮಕ್ಕಳ ವಿಷಯ ಬೇರೆ ಅಂತ ನೀವು ಹೇಳಬಹುದು. ಬೇರೆಯೇ. ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ ಬರೆದ ಪುಸ್ತಕದಲ್ಲಿ, ಒಬ್ಬ ಮನುಷ್ಯನ ಒಳ್ಳೆಯದಕ್ಕೇ ಆದರೂ ಅವನ ಮೇಲೆ ಬಲವಂತ ಮಾಡುವ ಹಕ್ಕು ಸಮಾಜಕ್ಕಿಲ್ಲ ಎಂಬ ವಾದ ಮಾಡುತ್ತಾನೆ. ಕೂಡಲೇ ಮಕ್ಕಳನ್ನು ಆ ನಿಯಮದಿಂದ ಹೊರಗಿಡುತ್ತಾನೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಸರಿಯಿತ್ತು. ಅದರ ಬೆನ್ನಿಗೇ 'ಹಿಂದುಳಿದ' ಸಮಾಜಗಳನ್ನೂ ಹೊರಗಿಡುತ್ತಾನೆ, ಅವರೂ ಒಂದು ರೀತಿ ಅಪ್ರಾಪ್ತ ವಯಸ್ಸಿನವರಿದ್ದ ಹಾಗೆ ಅಂತ. ಅವನು 1823ರಿಂದ 1858ರವರೆಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಆ ವಾಕ್ಯ ಬರೆಯುವಾಗ ಅವನ ಮನಸ್ಸಿನಲ್ಲಿ ಯಾರಿದ್ದರು ಅಂತ ಊಹಿಸುವುದು ಕಷ್ಟವಲ್ಲ. ಕಾಲೇಜಿನಲ್ಲಿ ಅದನ್ನು ಮೊದಲ ಸಲ ಓದಿದಾಗ ಮೈ ಉರಿದಿತ್ತು. ಆದರೆ ನಾನು ಮಾಡಿದ್ದೇನು? ಮಕ್ಕಳ ಪಟ್ಟಿಯೊಳಗೆ ಇನ್ನೊಂದು ಹೆಸರು ಸೇರಿಸಿದೆ. ಎಪ್ಪತ್ತೈದು ವರ್ಷದ, ಸರ್ಕಾರಿ ಕೆಲಸ ಮಾಡಿ ಸಂಸಾರ ನಡೆಸಿ ನನ್ನನ್ನು ಓದಿಸಿದ ಒಬ್ಬರ ಹೆಸರು. ಇಂಗ್ಲಿಷಿನಲ್ಲಿ ಆ ಆ್ಯಪ್‌ಗಳಿಗೆ 'ಪೇರೆಂಟಲ್ ಕಂಟ್ರೋಲ್' ಅಂತ ಹೆಸರು. ಅಪ್ಪ ಅಮ್ಮ ಮಕ್ಕಳ ಮೇಲೆ ಇಡುವ ಹಿಡಿತ ಅನ್ನುವುದು ಅದರ ಅರ್ಥ. ನಾನು ಅದನ್ನು ಅಪ್ಪನ ಮೇಲಿಡುವ ಹಿಡಿತ ಮಾಡಿಕೊಂಡಿದ್ದೆ.

ಮಗಳ ಚೀಟಿಯ ಪ್ರಶ್ನೆಗೆ ಹತ್ತಿರದ ಮಾತು ನನಗೆ ಸಿಕ್ಕಿದ್ದು ಕಾಂಟ್‌ನಲ್ಲಿ. 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪ್ರಬಂಧದ ಕೊನೆಗೆ ಅವನು ಒಂದು ಒರೆಗಲ್ಲು ಕೊಡುತ್ತಾನೆ. ಬೇರೆಯವರ ಹಕ್ಕನ್ನು ಮುಟ್ಟುವ ಯಾವುದೇ ಕೆಲಸವನ್ನು ಬಹಿರಂಗವಾಗಿ ಹೇಳಿ ಮಾಡಲಾಗದಿದ್ದರೆ, ಹೇಳಿದ ಕೂಡಲೇ ಅದು ಕೆಟ್ಟು ಹೋಗುವಂತಿದ್ದರೆ, ಅದು ಅನ್ಯಾಯ ಅಂತ ತಿಳಿ, ಅನ್ನುವ ಅರ್ಥದ್ದು. ಅವನು ರಾಜ್ಯಗಳ ನಡುವಿನ ನೀತಿಯ ಬಗ್ಗೆ ಹೇಳಿದ್ದು. ನನಗೆ ಶಿವಮೊಗ್ಗದ ಟಿವಿ ಸ್ಟ್ಯಾಂಡ್ ನೆನಪಾಯಿತು. ಅಪ್ಪನಿಗೆ ನಾನು ಯಾಕೆ ಹೇಳಲಿಲ್ಲ? ಅವರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಆಗ ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಬೇರೆ ಇತ್ತು. ಹೇಳಿದ್ದರೆ ಅವರು "ನನ್ನ ನಿದ್ದೆ ನನ್ನದು, ನಿಂಗ್ಯಾಕೆ?" ಅನ್ನುತ್ತಿದ್ದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದ ಪ್ರಶ್ನೆಯನ್ನು ಕೇಳದಂತೆ ಮಾಡುವ ಉಪಾಯವೇ ಆ ಗುಟ್ಟು.

ಇಲ್ಲಿ ಒಂದು ಕಷ್ಟದ ಉದಾಹರಣೆ ಬಿಟ್ಟು ಮುಂದೆ ಹೋದರೆ ಮೋಸವಾಗುತ್ತೆ. ನಮ್ಮ ಗುಂಪಿನ ಒಬ್ಬ ಗೆಳತಿಯ ತಾಯಿ ಒಂಟಿಯಾಗಿ ಮೈಸೂರಿನಲ್ಲಿದ್ದಾರೆ. ಪೊಲೀಸ್ ವೇಷದವರು ವಿಡಿಯೋ ಕಾಲ್ ಮಾಡಿ 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿ ದುಡ್ಡು ಕೀಳುವ ದಂಧೆ ಗೊತ್ತಲ್ಲ, ಅಂಥ ಕರೆಯೊಂದು ಅವರಿಗೂ ಬಂತು. ಆಮೇಲೆ ಗೆಳತಿ ತಾಯಿಯ ಟ್ಯಾಬ್‌ನಲ್ಲಿ ಬ್ಯಾಂಕಿನ ಆ್ಯಪ್‌ಗೆ ಬೀಗ ಹಾಕಿದಳು. ಆದರೆ ತಾಯಿಯ ಜೊತೆ ಎರಡು ಸಂಜೆ ಜಗಳವಾಡಿ, ಒಪ್ಪಿಸಿ, ಬೀಗದ ಕೈಯನ್ನು ತನ್ನ ಹತ್ತಿರ ಇಟ್ಟುಕೊಳ್ಳದೆ ಅದೇ ಬೀದಿಯಲ್ಲಿರುವ ಚಿಕ್ಕಮ್ಮನಿಗೆ ಕೊಟ್ಟಳು. ತಾಯಿಗೆ ಬೇಕಾದಾಗ ನಾಲ್ಕು ಹೆಜ್ಜೆ ನಡೆದು ಹೋಗಿ ತೆಗೆಸಿಕೊಳ್ಳಬಹುದು. ಆ ನಾಲ್ಕು ಹೆಜ್ಜೆಯ ದೂರವೇ ಅವರಿಗೆ ಬೇಕಿದ್ದ ರಕ್ಷಣೆ. ಇದನ್ನು ನಾನು ತಪ್ಪು ಅನ್ನಲಾರೆ. ಮರೆವಿನ ಕಾಯಿಲೆ ಬಂದವರ ವಿಷಯದಲ್ಲಿ ಹೇಗೆ? ಬೆಳಿಗ್ಗೆ ಹೇಳಿ ಒಪ್ಪಿಸಿದ್ದು ಸಂಜೆಗೆ ಅವರಿಗೆ ನೆನಪಿಲ್ಲದಿದ್ದರೆ ಅದು ಹೇಳಿದಂತೆ ಆಯಿತೇ? ನನಗೆ ತೋಚುವುದಿಲ್ಲ. ಅಂಥವರನ್ನು ನೋಡಿಕೊಳ್ಳುತ್ತಿರುವವರು ದಿನಾ ಹೇಳುತ್ತಾರೆ, ದಿನಾ ಹೊಸದಾಗಿ ಹೇಳುತ್ತಾರೆ ಅಂತ ಕೇಳಿದ್ದೀನಿ. ಅದಕ್ಕಿಂತ ಹೆಚ್ಚು ಮಾತಾಡುವ ಅರ್ಹತೆ ನನಗಿಲ್ಲ.

ನಾನು ಅಪ್ಪನಿಗೆ ಮಾಡಿದ್ದನ್ನು ನಮಗೆಲ್ಲ ಯಾರೋ ಮಾಡುತ್ತಲೇ ಇದ್ದಾರೆ ಅನ್ನುವುದು ಆಮೇಲೆ ಕಣ್ಣಿಗೆ ಬಿತ್ತು. 2009ರ ಜುಲೈನಲ್ಲಿ ಅಮೆರಿಕದ ಕೆಲವು ಓದುಗರ ಕಿಂಡಲ್‌ಗಳಿಂದ ಅವರು ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕಗಳು ಮಾಯವಾದವು. ಆ ಪ್ರತಿಗಳನ್ನು ಮಾರಿದವರಿಗೆ ಮಾರುವ ಹಕ್ಕಿರಲಿಲ್ಲ ಎಂದು ಅಮೆಜಾನ್ ದೂರದಿಂದಲೇ ಅಳಿಸಿ ದುಡ್ಡು ವಾಪಸ್ ಮಾಡಿತ್ತು. ಅಳಿಸಿದ್ದು ಯಾವ ಪುಸ್ತಕ ಅಂತೀರಿ? ಜಾರ್ಜ್ ಆರ್ವೆಲ್‌ನ '1984' ಮತ್ತು 'ಅನಿಮಲ್ ಫಾರ್ಮ್'. ಗಲಾಟೆಯಾಗಿ ಜೆಫ್ ಬೆಜೋಸ್ ಕ್ಷಮೆ ಕೇಳಿದರು. 2025ರ ಫೆಬ್ರವರಿ 26ರಿಂದ, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ತಂತಿಯಲ್ಲಿ ಕಿಂಡಲಿಗೆ ಹಾಕಿಕೊಳ್ಳುವ ಸೌಲಭ್ಯವನ್ನೂ ಅದು ನಿಲ್ಲಿಸಿತು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಜಾರಿಯಾದ ಕಾನೂನು, ಇಂಥ ಡಿಜಿಟಲ್ ವಸ್ತುಗಳಿಗೆ 'ಕೊಳ್ಳಿ' ಅಂತ ಗುಂಡಿ ಇಟ್ಟರೆ, ಇದು ಪರವಾನಗಿ ಮಾತ್ರ ಅಂತ ಗ್ರಾಹಕನಿಗೆ ಸ್ಪಷ್ಟವಾಗಿ ಹೇಳಬೇಕು ಅನ್ನುತ್ತೆ. ಆ ಕಾನೂನು ಬೀಗ ತೆಗೆಸುವುದಿಲ್ಲ, ಚೀಟಿ ಅಂಟಿಸಿ ಅನ್ನುತ್ತೆ ಅಷ್ಟೇ. ನನ್ನ ಮಗಳು ಕೇಳಿದ್ದೂ ಅದನ್ನೇ. ಚಿಕ್ಕದು ಅನ್ನಿಸಬಹುದು. ನನಗೆ ಅನ್ನಿಸಲ್ಲ.

ಬಡವರಿಗೆ ಯಂತ್ರ ಹಂಚುವ ಯೋಜನೆಗಳಿಗೂ ಇದೇ ಅಳತೆಪಟ್ಟಿ ಹಿಡಿದು ನೋಡಬಹುದು. 2005ರಲ್ಲಿ ಎಂಐಟಿಯ ನಿಕೊಲಸ್ ನೆಗ್ರೊಪಾಂಟೆ ಪ್ರತಿ ಮಗುವಿಗೂ ನೂರು ಡಾಲರಿನ ಲ್ಯಾಪ್‌ಟಾಪ್ ಅಂದರು. ಹಸಿರು ಬಿಳಿ ಬಣ್ಣದ ಆ ಮುದ್ದಾದ ಯಂತ್ರವನ್ನು ಪೆರು ದೇಶ ಎಂಟು ಲಕ್ಷಕ್ಕೂ ಹೆಚ್ಚು ಕೊಂಡಿತು. 2012ರಲ್ಲಿ ಅಲ್ಲಿನ 319 ಶಾಲೆಗಳ ಅಧ್ಯಯನ ಹೊರಬಂದಾಗ ಗಣಿತದಲ್ಲೂ ಭಾಷೆಯಲ್ಲೂ ಕಲಿಕೆ ಹೆಚ್ಚಿದ್ದು ಕಾಣಲಿಲ್ಲ. 2011ರಲ್ಲಿ ನಮ್ಮ ದೇಶದ 'ಆಕಾಶ್' ಟ್ಯಾಬ್ ಬಂತು, ಸುಮಾರು 50 ಡಾಲರಿನದು. 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, ಬೆರಳಿನಿಂದ ಒತ್ತಿ ಒತ್ತಿ ಮುಟ್ಟಬೇಕಾದ ಪರದೆ. ಅದನ್ನು ವಿನ್ಯಾಸ ಮಾಡಿದವರು, ಕೊಳ್ಳಲು ನಿರ್ಧರಿಸಿದವರು ಯಾರೂ ತಮ್ಮ ಮನೆಯ ಮಕ್ಕಳಿಗೆ ಅದನ್ನು ಕೊಡಿಸುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಇವೆರಡಕ್ಕೂ ಮುಂಚೆ ಬೆಂಗಳೂರಿನಲ್ಲೇ ಒಂದು ಬೇರೆ ಪ್ರಯತ್ನ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್ಕೋರ್ ಕಂಪನಿಯವರು ಸೇರಿ ರೂಪಿಸಿದ 'ಸಿಂಪ್ಯೂಟರ್'. ಅಂಗೈಯಗಲದ ಯಂತ್ರ, ಒಳಗೆ ಲಿನಕ್ಸ್, ಭಾರತೀಯ ಭಾಷೆಯಲ್ಲಿ ಬರೆದದ್ದನ್ನು ಓದಿ ಹೇಳುವ ವ್ಯವಸ್ಥೆ. ನನಗೆ ತುಂಬಾ ಇಷ್ಟವಾದದ್ದು ಅದರ ಸ್ಮಾರ್ಟ್ ಕಾರ್ಡ್. ಊರಿಗೆಲ್ಲ ಒಂದೇ ಯಂತ್ರ, ಆದರೆ ಪ್ರತಿಯೊಬ್ಬರ ಜೇಬಿನಲ್ಲೂ ಅವರದೇ ಕಾರ್ಡು. ಅದು ತೂರಿಸಿದರೆ ಅವರ ಮಾಹಿತಿ ತೆರೆದುಕೊಳ್ಳಬೇಕು. ಯಂತ್ರ ಪಂಚಾಯಿತಿಯದ್ದೋ ಅಂಗಡಿಯವನದ್ದೋ ಆಗಿರಲಿ, ಕೈ ಮಾತ್ರ ಬಳಸುವವನ ಹತ್ತಿರ. 2004ರಲ್ಲಿ ಮಾರುಕಟ್ಟೆಗೆ ಬಂತು, ಓಡಲಿಲ್ಲ. ಅಷ್ಟರಲ್ಲಿ ಮೊಬೈಲುಗಳು ಬಂದುಬಿಟ್ಟಿದ್ದವು. ಓಡದಿದ್ದರೂ ಆ ಕಾರ್ಡಿನ ಹಿಂದೆ ಯಾರೋ ಸರಿಯಾಗಿ ಯೋಚನೆ ಮಾಡಿದ್ದರು.

ಹಾಗಾದರೆ ಕೊನೆಗೆ ಯಾವುದನ್ನು ಕೊಡಿಸಬೇಕು? ಕೊಡಿಸುವ ಮುಂಚೆ ನಾನೀಗ ಎರಡು ಪ್ರಶ್ನೆ ಕೇಳುತ್ತೇನೆ, ಕೇಳಿದವರಿಗೂ ವಾಪಸ್ ಅದನ್ನೇ ಕೇಳುತ್ತೇನೆ. ಬಳಸುವವರು ಇದರಲ್ಲಿ ಏನು ಮಾಡಬೇಕು ಅಂತಿದ್ದಾರೆ, ಅವರ ಬಾಯಲ್ಲೇ ಕೇಳಿದಿರಾ? ಅಡ್ಡಿ ಏನಾದರೂ ಇದ್ದರೆ ಅದರ ಕೈ ಯಾರ ಹತ್ತಿರ ಇರುತ್ತೆ? ಈ ಎರಡನೇ ಪ್ರಶ್ನೆ ಹಿಡಿದು ನೋಡಿದರೆ ಎಲ್ಲರೂ ಮೂಗು ಮುರಿಯುವ ಕಡಿಮೆ ಬೆಲೆಯ ಲ್ಯಾಪ್‌ಟಾಪಿನ ಬಗ್ಗೆ ಗೌರವ ಹುಟ್ಟುತ್ತೆ. ನಿಧಾನ, ಪ್ಲಾಸ್ಟಿಕ್ಕು, ಪರದೆ ಮಸುಕು, ಎಲ್ಲ ಒಪ್ಪಿದೆ. ಕ್ರೋಮ್‌ಬುಕ್ ಆದರೆ ಅದಕ್ಕೂ ಕಂಪನಿ ಅಪ್‌ಡೇಟ್ ನಿಲ್ಲಿಸುವ ದಿನಾಂಕ ಇರುತ್ತೆ, ಕೊಳ್ಳುವ ಮುಂಚೆ ನೋಡಿಕೊಳ್ಳಿ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿದಾಗ ಎಷ್ಟೋ ಗಟ್ಟಿಮುಟ್ಟಾದ ಲ್ಯಾಪ್‌ಟಾಪ್ ಮೂಲೆ ಸೇರಿದವು. ಆದರೆ ಅವುಗಳಿಗೆ ಲಿನಕ್ಸ್ ಹಾಕಿಕೊಂಡು ಇನ್ನೂ ಐದಾರು ವರ್ಷ ನಡೆಸಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಮೂರರಲ್ಲಿ ಒಂದರಲ್ಲಿ ಓದಬಹುದು, ಒಂದರಲ್ಲಿ ನೋಡಬಹುದು, ಆದರೆ ಕೂತು ಏನಾದರೂ ಮಾಡಬೇಕು, ಬರೆಯಬೇಕು ಅಂದರೆ ಕೀಲಿಮಣೆ ಇರುವುದೇ ಬೇಕಾಗುತ್ತೆ.

ಇದನ್ನು ನನಗೆ ತೋರಿಸಿದ್ದೂ ಅಪ್ಪನೇ. ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ, ಹೋದ ಎರಡನೇ ದಿನ, ಜಗಲಿಯಲ್ಲಿ ಕೂತಿದ್ದಾಗ ಹೇಳಿದೆ. "ಅಪ್ಪ, ಆ ಲಾಕ್ ಹಾಕಿದ್ದು ನಾನೇ." ಅವರು ಪತ್ರಿಕೆಯಿಂದ ತಲೆ ಎತ್ತದೆ "ಗೊತ್ತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹೇಳಿದ್ರೆ ನಾನೇ ಹತ್ತಕ್ಕೆ ನಿಲ್ಲಿಸ್ತಿದ್ದೆ" ಅಂದರು. ನಿಲ್ಲಿಸುತ್ತಿದ್ದರೋ ಇಲ್ಲವೋ. ಅದು ಈಗ ಗೊತ್ತಾಗುವ ಮಾತಲ್ಲ. ಅದೂ ನಾನು ಕಳೆದದ್ದೇ.

ಆಮೇಲೆ ಕೇಳಿದೆ, ಎಷ್ಟೋ ವರ್ಷ ಮುಂಚೆ ಕೇಳಬೇಕಾಗಿದ್ದನ್ನು. ಏನು ಬೇಕು ನಿಮಗೆ?

"ಕೀ ಇರೋದು ಕೊಡು" ಅಂದರು.

34 ವರ್ಷ ಟೈಪ್ ಮಾಡಿದ ಮನುಷ್ಯ. ಕನ್ನಡ ಸೀನಿಯರ್ ಪಾಸು. ನಮ್ಮ ಚಿಕ್ಕಂದಿನಲ್ಲಿ ಊಟದ ತಟ್ಟೆಯ ಪಕ್ಕ ಅವರ ಬೆರಳುಗಳು ಸುಮ್ಮನೆ ಕೂರದೆ ಮೇಜಿನ ಮೇಲೆ ಆಡುತ್ತಿದ್ದವು, ಅದನ್ನು ನೋಡಿ ನಾನೂ ಅಕ್ಕನೂ ನಗುತ್ತಿದ್ದೆವು. ಅದು ಅವರ ಹೊಟ್ಟೆಪಾಡು ಅಂದುಕೊಂಡಿದ್ದೆ. ನಿವೃತ್ತಿಯಾದ ಮೇಲೆ ಅದೆಲ್ಲ ಯಾಕೆ ಬೇಕು ಅಂತ ಅವರ ಪರವಾಗಿ ನಾನೇ ತೀರ್ಮಾನಿಸಿ, ರೈಲಿನಲ್ಲಿ ಕಂಡ ಯಾರೋ ಜರ್ಮನ್ ಅಜ್ಜನ ಹಾಗೆ ಅವರನ್ನು ಕೂರಿಸಲು ಹೊರಟಿದ್ದೆ. ಬೇರೆಯವರು ಬರೆದುಕೊಟ್ಟದ್ದನ್ನು ಜೀವಮಾನವಿಡೀ ಟೈಪ್ ಮಾಡಿದವರಿಗೆ ತಮ್ಮದೇ ಏನಾದರೂ ಟೈಪ್ ಮಾಡಬೇಕು ಅನ್ನಿಸಬಹುದು ಅಂತ ನನಗೆ ಹೊಳೆದಿರಲಿಲ್ಲ.

ಶಿವಮೊಗ್ಗದಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡೆವು, ಅಪ್ಪನೇ ಬಂದು, ನಾಲ್ಕರ ಕೀಲಿ ಒತ್ತಿ ನೋಡಿ, ಯಾವುದು ಗಟ್ಟಿ ಅಂತ ಆರಿಸಿದರು. ಹಳೇ ಟೈಪ್‌ರೈಟರಿನ ಕೀಲಿ ವಿನ್ಯಾಸವೇ ಅವರ ಬೆರಳಿಗೆ ಬರುವುದು. ಹೊಸದು ಕಲಿಯಲು ಎರಡು ವಾರ ಹಿಡಿಯಿತು, ಬೈಯುತ್ತಲೇ ಕಲಿತರು. ಪಾಸ್‌ವರ್ಡ್ ಇಡುವಾಗ ನಾನು ಎದ್ದು ಅಡುಗೆಮನೆಗೆ ನೀರು ಕುಡಿಯಲು ಹೋದೆ.

ಏನು ಬರೆಯುತ್ತಿದ್ದಾರೆ ಅಂತ ನನಗೆ ಕಳಿಸಿಲ್ಲ. ಮೊನ್ನೆ ಭಾನುವಾರ ಫೋನ್ ಮಾಡಿದ್ದರು. ಅವರಪ್ಪನ ಸೈಕಲ್ಲಿನ ಹೆಸರು ಬರೆಯಬೇಕಾಗಿದೆಯಂತೆ, ರ‍್ಯಾಲಿ ಸೈಕಲ್. ಎಷ್ಟು ಸಲ ಹೊಡೆದರೂ 'ರ್ಯಾಲಿ' ಅಂತ ಅರ್ಕಾವತ್ತು ಬಂದು ಕೂರುತ್ತಂತೆ. "ನಮ್ಮ ಮೆಷಿನ್ನಲ್ಲಿ ನಾನು ಹೇಳಿದ ಹಾಗೆ ಕೇಳ್ತಿತ್ತು ಕಣೋ. ಇದು ತಾನೇ ತಿದ್ದುತ್ತೆ. ಇದರ ಕೈ ಎಲ್ಲಿದೆ?" ಅಂದರು. ನೋಡಿ ಹೇಳ್ತೀನಿ ಅಂದೆ. ಈ ಸಲ ನಿಜವಾಗಿಯೂ ನೋಡಿ, ಮಾರನೇ ದಿನ ಹೇಳಿದೆ.